ಮಲ್ಲಿಗೆ ಗಿಡ ಬಾಡಿದ್ದು ಯಾಕೆ?

ಒಂದು ಮನೆಯ ಹಿತ್ತಲು. ಅಲ್ಲಿ ಆರು ವರ್ಷದ ಮಲ್ಲಿಗೆ ಗಿಡ. ಬೇಸಿಗೆ ಬಂದರೆ ಮೈತುಂಬ ಹೂವು. ಅತ್ತೆ ಮೊಗ್ಗು ಬಿಡಿಸುತ್ತಿದ್ದಳು. ಸೊಸೆ ಕಟ್ಟುತ್ತಿದ್ದಳು. ಮೊಳದ ಲೆಕ್ಕದಲ್ಲಿ ಮಾರುತ್ತಿದ್ದರು. ಮಕ್ಕಳ ಪುಸ್ತಕ, ಮನೆಯ ಎಣ್ಣೆ, ಸೋಪು ಎಲ್ಲಾ ಆ ದುಡ್ಡಿನಲ್ಲೇ.

ಮಳೆಗಾಲದಲ್ಲಿ ಒಂದು ದಿನ ಗಿಡ ಬಾಡಿತು. ಎಲೆಗಳು ಜೋತುಬಿದ್ದವು.

"ನೀರು ಸಾಲದು ಕಣೇ. ಇನ್ನೆರಡು ಕೊಡ ಹಾಕು" ಅಂದಳು ಅತ್ತೆ.

ಸೊಸೆ ದಿನಾ ನೀರು ಹಾಕಿದಳು. ಗಿಡ ಇನ್ನಷ್ಟು ಬಾಡಿತು. ಎಲೆ ಹಳದಿಯಾಗಿ ಉದುರಿತು.

ಪಕ್ಕದ ಮನೆಯ ಅಜ್ಜಿ ಬಂದಳು. "ಬುಡದ ಮಣ್ಣು ಮುಟ್ಟಿ ನೋಡಿದ್ಯೇನವ್ವಾ?" ಎಂದು ಕೇಳಿದಳು.

ಸೊಸೆ ಮಣ್ಣಿಗೆ ಬೆರಳಿಟ್ಟಳು. ಮಣ್ಣು ಕೆಸರಾಗಿತ್ತು. ಕೊಳೆತ ವಾಸನೆ ಬಂತು. ಬಚ್ಚಲ ನೀರೂ ಅಲ್ಲೇ ನಿಂತಿತ್ತು.

ನೀರಿದ್ದರೂ ಗಿಡ ಬಾಡಿದ್ದು ಹೇಗೆ?

ನಮ್ಮ ಹಾಗೆ ಬೇರಿಗೂ ಗಾಳಿ ಬೇಕು. ಮಣ್ಣಿನ ಸಂದಿಯಲ್ಲಿ ಗಾಳಿ ಇರುತ್ತದೆ. ನೀರು ನಿಂತರೆ ಆ ಗಾಳಿ ಹೋಗುತ್ತದೆ. ಬೇರಿಗೆ ಉಸಿರು ಕಟ್ಟುತ್ತದೆ. ಬೇರು ಕೊಳೆಯುತ್ತದೆ. ಕೊಳೆತ ಬೇರು ನೀರು ಹೀರಲಾರದು. ಬುಡದಲ್ಲಿ ನೀರಿದ್ದರೂ ಎಲೆಗೆ ಬಾಯಾರಿಕೆ!

ನೀರು ಕಡಿಮೆಯಾದರೂ ಗಿಡ ಬಾಡುತ್ತದೆ. ಹೆಚ್ಚಾದರೂ ಬಾಡುತ್ತದೆ. ಎಲೆ ನೋಡಿದರೆ ಎರಡೂ ಒಂದೇ ಥರ ಕಾಣುತ್ತದೆ. ಆದ್ದರಿಂದ ಕೊಡ ಎತ್ತುವ ಮೊದಲು ಹೀಗೆ ಮಾಡಿ.

1. ಹೊತ್ತು ನೋಡಿ. ಮಧ್ಯಾಹ್ನದ ಬಿಸಿಲಿಗೆ ಬಾಡಿ, ಸಂಜೆಗೆ ಚೇತರಿಸಿಕೊಂಡರೆ ಹೆದರಬೇಡಿ. ಬೆಳಗ್ಗೆಯೂ ಬಾಡಿದ್ದರೆ ತೊಂದರೆ ಇದೆ.

2. ಮಣ್ಣು ಮುಟ್ಟಿ. ಒಂದು ಬೆರಳುದ್ದ ಅಗೆಯಿರಿ. ಒಣಗಿದ್ದರೆ ನಿಧಾನವಾಗಿ ನೀರು ಹಾಕಿ. ಕೆಸರಾಗಿದ್ದರೆ ನೀರು ನಿಲ್ಲಿಸಿ. ಕಾಲುವೆ ತೆಗೆದು ನಿಂತ ನೀರು ಹರಿಯಬಿಡಿ.

3. ಬುಡ ನೋಡಿ. ಹತ್ತಿಯ ಎಳೆಯಂಥ ಬಿಳಿ ಬೂಷ್ಟು ಇದೆಯೇ? ಸಾಸಿವೆ ಕಾಳಿನಂಥ ಗುಂಡುಗಳಿವೆಯೇ? ಇದು ಸೊರಗು ರೋಗ. ಪಕ್ಕದ ಗಿಡಕ್ಕೂ ಹಬ್ಬುತ್ತದೆ. ಪೂರ್ತಿ ಒಣಗಿದ ಗಿಡವನ್ನು ಬೇರು ಸಮೇತ ಕಿತ್ತು ಸುಡಿ. ತಿಪ್ಪೆಗೆ ಎಸೆಯಬೇಡಿ. ಉಳಿದ ಗಿಡಗಳಿಗೆ ಯಾವ ಔಷಧಿ, ಎಷ್ಟು ಎಂದು ತೋಟಗಾರಿಕೆ ಇಲಾಖೆಯಲ್ಲಿ ಕೇಳಿ.

4. ಬೇರು ನೋಡಿ. ಪಕ್ಕದಲ್ಲಿ ಮೆಲ್ಲಗೆ ಮಣ್ಣು ಸರಿಸಿ. ಸಣ್ಣ ಬೇರಿನಲ್ಲಿ ಗಂಟುಗಳಿದ್ದರೆ ಅದು ಜಂತುಹುಳುವಿನ ಕಾಟ. ಈ ಹುಳು ಕಣ್ಣಿಗೆ ಕಾಣದು. ಬುಡಕ್ಕೆ ಬೇವಿನ ಹಿಂಡಿ ಹಾಕಿ. ಸುತ್ತ ಚೆಂಡು ಹೂವಿನ ಗಿಡ ನೆಡಿ. ಹುಳು ಕಡಿಮೆಯಾಗುತ್ತದೆ.

5. ಕೊಂಬೆ ಕೆರೆಯಿರಿ. ಉಗುರಿನಿಂದ ಸಿಪ್ಪೆ ಸ್ವಲ್ಪ ಕೆರೆದು ನೋಡಿ. ಒಳಗೆ ಹಸಿರಿದ್ದರೆ ಜೀವ ಇದೆ. ಕಂದಾಗಿ ಒಣಗಿದ್ದರೆ ಆ ಕೊಂಬೆ ಸತ್ತಿದೆ.

ಗಿಡ ಬಾಡಿದಾಗ ಗೊಬ್ಬರ ಹಾಕಬೇಡಿ. ಕಾಯಿಲೆಯವರಿಗೆ ಹಬ್ಬದೂಟ ಬಡಿಸಿದ ಹಾಗಾಗುತ್ತದೆ.

ಸೊಸೆಯೂ ಕೊಂಬೆ ಕೆರೆದಳು. ಒಳಗೆ ಹಸಿರಿತ್ತು! ಬಚ್ಚಲ ನೀರನ್ನು ಬಾಳೆಯ ಕಡೆ ತಿರುಗಿಸಿದಳು. ಒಣಗಿದ ಕೊಂಬೆ ಕತ್ತರಿಸಿದಳು. ಮಣ್ಣು ಆರುವವರೆಗೆ ನೀರು ಹಾಕಲಿಲ್ಲ. ಕೆಲವು ವಾರ ಕಳೆದವು. ಗಿಡದ ಬುಡದಲ್ಲಿ ಎರಡು ಚಿಗುರು ಕಂಡವು.

"ನಾನೇ ನೀರು ಹಾಕು ಅಂದೆನಲ್ಲ!" ಅಂದಳು ಅತ್ತೆ.

"ಗಿಡ ಉಳೀತಲ್ಲ ಅತ್ತೆ. ಇನ್ನು ಮೇಲೆ ಮೊದಲು ಮಣ್ಣು ಮುಟ್ಟೋಣ" ಅಂದಳು ಸೊಸೆ.

ಓದಿ, ಉತ್ತರ ಹೇಳಿ:
ನೀರು ಹೆಚ್ಚಾದರೂ ಗಿಡ ಬಾಡುವುದು ಯಾಕೆ?
ನಿಮ್ಮ ಮನೆಯ ಬಚ್ಚಲ ನೀರು ಎಲ್ಲಿಗೆ ಹೋಗುತ್ತದೆ?