ಗ್ಯಾರೇಜಿನ ಹಾಡಿಗೆ ಹೊರಗಿನ ಕಿವಿ

1992ರ ‘ಪ್ರೊಪೆಲ್ಲರ್’ ಆಲ್ಬಮ್ ಶುರುವಾಗುವುದೇ ಜನರ ಕೂಗಿನಿಂದ. ತುಂಬಿದ ಸಭಾಂಗಣದಲ್ಲಿ ಅಭಿಮಾನಿಗಳು ಬ್ಯಾಂಡಿನ ಹೆಸರಿನ ಮೂರು ಮೊದಲಕ್ಷರಗಳನ್ನು ಒಂದೇ ಲಯದಲ್ಲಿ ಕೂಗುತ್ತಿದ್ದಾರೆ ಅನ್ನಿಸಬೇಕು, ಹಾಗಿದೆ ಅದು. ಅಸಲಿಗೆ ಅಲ್ಲಿ ಸಭಾಂಗಣವೂ ಇರಲಿಲ್ಲ, ಅಭಿಮಾನಿಗಳೂ ಇರಲಿಲ್ಲ. ಬ್ಯಾಂಡಿನವರೇ ಮೈಕಿನ ಮುಂದೆ ನಿಂತು ತಮಗೆ ತಾವೇ ಜೈಕಾರ ಹಾಕಿಕೊಂಡಿದ್ದರು.

ಅಮೆರಿಕದ ಒಹಾಯೊ ರಾಜ್ಯದ ಡೇಟನ್ ಊರಿನ ಈ ಬ್ಯಾಂಡಿನ ಹೆಸರು ‘ಗೈಡೆಡ್ ಬೈ ವಾಯ್ಸಸ್’. ಹುಟ್ಟಿದ್ದು 1983ರಲ್ಲಿ. ಹಾಡು ಕಟ್ಟುತ್ತಿದ್ದ ರಾಬರ್ಟ್ ಪೊಲಾರ್ಡ್ ಹಗಲು ಹೊತ್ತು ನಾಲ್ಕನೇ ತರಗತಿಯ ಮೇಷ್ಟ್ರು. 1987ರಿಂದ ಕೈಯಿಂದಲೇ ದುಡ್ಡು ಹಾಕಿ ಆಲ್ಬಮ್ ಮೇಲೆ ಆಲ್ಬಮ್ ಅಚ್ಚು ಹಾಕಿಸಿದರೂ ಡೇಟನ್ ದಾಟಿ ಯಾರೂ ಕಿವಿಗೊಡಲಿಲ್ಲ. ಇದೇ ಕೊನೆಯದು ಎಂದುಕೊಂಡು ‘ಪ್ರೊಪೆಲ್ಲರ್’ನ 500 ಪ್ರತಿ ಮಾಡಿಸಿದರು. ಒಂದೊಂದರ ರಕ್ಷಾಪುಟವನ್ನೂ ಕೈಯಲ್ಲೇ ಬೇರೆಬೇರೆಯಾಗಿ ತಯಾರಿಸಿದರು. ಅವುಗಳಲ್ಲೊಂದು ಹೇಗೋ ಕ್ಲೀವ್‌ಲ್ಯಾಂಡಿನ ‘ಸ್ಕ್ಯಾಟ್ ರೆಕಾರ್ಡ್ಸ್’ ಎಂಬ ಪುಟ್ಟ ಕಂಪನಿ ನಡೆಸುತ್ತಿದ್ದ ರಾಬರ್ಟ್ ಗ್ರಿಫಿನ್ ಕೈಸೇರಿತು. ಆತನಿಗೆ ಹಿಡಿಸಿತು. ಹತ್ತು ವರ್ಷ ಸಿಗದ ಹೊರಗಿನ ಕಿವಿ ಸಿಕ್ಕಿದ್ದು ಹೀಗೆ. 1994ರಲ್ಲಿ ಅದೇ ಕಂಪನಿಯಿಂದ ಬಂದ ‘ಬೀ ಥೌಸಂಡ್’ ಇಂಡೀ ರಾಕ್‌ನ ಮುಖ್ಯ ಆಲ್ಬಮ್‌ಗಳಲ್ಲಿ ಒಂದಾಯಿತು, ಪೊಲಾರ್ಡ್ ಆ ವರ್ಷವೇ ಮೇಷ್ಟ್ರ ಕೆಲಸ ಬಿಟ್ಟರು.

‘ಬೀ ಥೌಸಂಡ್’ನ ಬಹುಪಾಲು ರೆಕಾರ್ಡ್ ಆದದ್ದು ಡೇಟನ್ನಿನ ಗ್ಯಾರೇಜು, ನೆಲಮಾಳಿಗೆಗಳಲ್ಲಿ, ಫೋರ್ ಟ್ರ್ಯಾಕ್ ಎಂಬ ಯಂತ್ರದ ಮೇಲೆ. ಈ ಯಂತ್ರದ ಬಗ್ಗೆ ನಾಲ್ಕು ಮಾತು ಹೇಳಲೇಬೇಕು, ಅಗ್ಗದ ಮನೆ ರೆಕಾರ್ಡಿಂಗಿನ ಕಥೆ ಬಹುಮಟ್ಟಿಗೆ ಅದರಿಂದ ಶುರುವಾಗುವುದರಿಂದ. 1979ರಲ್ಲಿ ಜಪಾನಿನ ಟಿಯಾಕ್ ಕಂಪನಿ ‘ಟ್ಯಾಸ್ಕ್ಯಾಮ್ ಪೋರ್ಟಾಸ್ಟುಡಿಯೊ 144’ ಅನ್ನು ಮಾರುಕಟ್ಟೆಗೆ ತಂದಿತು. ಮಾಮೂಲಿ ಕ್ಯಾಸೆಟ್ಟಿನಲ್ಲಿ ಆ ಬದಿಗೆ ಎರಡು, ಈ ಬದಿಗೆ ಎರಡು ಧ್ವನಿಪಥಗಳಿರುತ್ತವೆ. ಈ ಯಂತ್ರ ನಾಲ್ಕನ್ನೂ ಒಂದೇ ದಿಕ್ಕಿನಲ್ಲಿ ಬಳಸಿತು. ಸದ್ದು ಚೆನ್ನಾಗಿ ಕೂರಲೆಂದು ಟೇಪನ್ನು ದುಪ್ಪಟ್ಟು ವೇಗದಲ್ಲಿ ಓಡಿಸಿತು. ಹಾಗಾಗಿ ಒಂದು ಗಂಟೆಯ ಕ್ಯಾಸೆಟ್ಟಿನಲ್ಲಿ ಹಿಡಿಯುತ್ತಿದ್ದುದು 15 ನಿಮಿಷ ಮಾತ್ರ. ಮೊದಲು ಡ್ರಮ್ಸ್, ಅದನ್ನು ಕೇಳುತ್ತ ಗಿಟಾರ್, ಎರಡನ್ನೂ ಕೇಳುತ್ತ ಬೇಸ್. ಹೀಗೆ ಮೂರು ತುಂಬಿದ ಮೇಲೆ ಅವನ್ನು ಕಲಸಿ ನಾಲ್ಕನೆಯದಕ್ಕೆ ಇಳಿಸಿದರೆ ಮೊದಲಿನ ಮೂರೂ ಮತ್ತೆ ಖಾಲಿ. ಆದರೆ ಒಮ್ಮೆ ಇಳಿಸಿದ್ದನ್ನು ಬಿಡಿಸಲು ಬರುವುದಿಲ್ಲ. ಬೇಸ್ ಜೋರಾಯಿತೆಂದು ನಾಳೆ ಅನ್ನಿಸಿದರೆ ಅದು ಜೋರೇ. ಪ್ರತಿ ಸಲ ಇಳಿಸಿದಾಗಲೂ ಟೇಪಿನ ‘ಸ್ಸ್’ ಎಂಬ ಸದ್ದು ಇನ್ನೊಂದು ಪದರ ಏರುತ್ತಿತ್ತು. ಈಗಿನ ಲ್ಯಾಪ್‌ಟಾಪಿನಲ್ಲಿ ನೂರು ಟ್ರ್ಯಾಕು, ಎಷ್ಟು ಬೇಕಾದರೂ ಹಿಂದಕ್ಕೆ ಹೋಗುವ ಅನುಕೂಲ. ತೀರ್ಮಾನ ಮಾಡದೆ ವರ್ಷಗಟ್ಟಲೆ ಒಂದೇ ಹಾಡನ್ನು ತಿದ್ದುತ್ತ ಕೂರುವ ಅನುಕೂಲವೂ ಅದರಲ್ಲೇ ಸೇರಿದೆ.

ಯಂತ್ರ ಅಗ್ಗವಾಯಿತು ಸರಿ, ಕೇಳಿ ತೂಗುವವರು ಯಾರು? ದುಬಾರಿ ಸ್ಟುಡಿಯೊದಲ್ಲಿ ದುಡ್ಡು ಕೊಡುವುದು ಬರೀ ಮೈಕು, ಗೋಡೆಗಳಿಗಲ್ಲ, ಗಾಜಿನಾಚೆ ಕೂತ ಎಂಜಿನಿಯರನ ಕಿವಿಗೂ. ನಮ್ಮಲ್ಲಿ ಸಂಗೀತ ಕಲಿಯುವ ಹುಡುಗನಿಗೆ ಗುರುವಿನ ಕಿವಿ ಎದುರಿಗೇ ಇರುತ್ತದೆ, ಶ್ರುತಿ ಜಾರಿದರೆ ತೊಡೆಯ ಮೇಲಿನ ತಾಳ ಅಲ್ಲೇ ನಿಲ್ಲುತ್ತದೆ. ಗ್ಯಾರೇಜಿನ ನಾಲ್ವರು ಹುಡುಗರಿಗೆ ಅಂಥವರಿಲ್ಲ. ಐವತ್ತು ಸಲ ಕೇಳಿದ ಹಾಡಿನಲ್ಲಿ ಸಾಹಿತ್ಯ ಅಸ್ಪಷ್ಟವಾಗಿದೆಯೆಂದು ಬರೆದವನಿಗೆ ತಿಳಿಯುವುದಿಲ್ಲ, ಅವನಿಗದು ಬಾಯಿಪಾಠ. ಧ್ವನಿಪಥಗಳನ್ನು ಹದವಾಗಿ ಕಲಸುವ ಮಿಕ್ಸಿಂಗಿಗೆ ಗಿಟಾರಿಸ್ಟ್ ಕೂತರೆ ಗಿಟಾರು ಮೇಲೇರುತ್ತದೆ, ನಾಚಿಕೆಯ ಹಾಡುಗಾರ ಕೂತರೆ ಅವನದೇ ದನಿ ಡ್ರಮ್ಸಿನಡಿ ಹೂತುಹೋಗುತ್ತದೆ.

ಕಿವಿಯೂ ಮೋಸ ಮಾಡುತ್ತದೆ. ಬೆಲ್ ಲ್ಯಾಬ್ಸ್‌ನ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ತೋರಿಸಿದಂತೆ, ಸದ್ದು ಸಣ್ಣದಾದಷ್ಟೂ ತಗ್ಗಿನ ಸ್ವರಗಳು ನಮಗೆ ಇನ್ನೂ ಕಡಿಮೆ ಕೇಳುತ್ತವೆ. ರಾತ್ರಿ ಜೋರಾಗಿಟ್ಟು ಮಿಕ್ಸ್ ಮಾಡಿದ ಹಾಡು ಬೆಳಗ್ಗೆ ಮೆಲ್ಲಗಿಟ್ಟಾಗ ಬೇಸೇ ಇಲ್ಲದೆ ಸೊರಗಿರುವುದಕ್ಕೆ ಇದೇ ಕಾರಣ. ಚಿಕ್ಕ ಕೋಣೆಯ ಮೂಲೆಗಳಲ್ಲಿ ಬೇಸ್ ಗುಡ್ಡೆಬೀಳುತ್ತದೆ, ಅಲ್ಲಿ ಗುಂಯ್‌ಗುಡುವ ಹಾಡು ಕಾರಿನಲ್ಲಿ ಸಪ್ಪೆ. ಕಾರು, ಫೋನು, ಅಗ್ಗದ ಇಯರ್‌ಫೋನು ಮೂರರಲ್ಲೂ ಕೇಳಿ ನೋಡುವ ರೂಢಿ ಬಂದದ್ದು ಇದರಿಂದಲೇ.

ಹೀಗೆ ಕಿವಿ ಹುಡುಕುತ್ತಿದ್ದವರಿಗಾಗಿಯೇ ಕೆಲವು ಜಾಗಗಳು ಹುಟ್ಟಿಕೊಂಡವು. ವಾಷಿಂಗ್ಟನ್ ರಾಜ್ಯದ ಒಲಿಂಪಿಯಾದಲ್ಲಿ ಜಾನ್ ಫಾಸ್ಟರ್ 1979ರಲ್ಲಿ ಶುರುಮಾಡಿದ ‘ಆಪ್’ ಪತ್ರಿಕೆ ಅವುಗಳಲ್ಲಿ ನನಗೆ ಬಲು ಇಷ್ಟ. ಇಂಗ್ಲಿಷ್ ವರ್ಣಮಾಲೆಯ ಒಂದೊಂದು ಅಕ್ಷರಕ್ಕೆ ಒಂದೊಂದು ಸಂಚಿಕೆ ಎಂದು ಹಟಹಿಡಿದು, 26 ಮುಗಿದೊಡನೆ 1984ರಲ್ಲಿ ಬಾಗಿಲು ಹಾಕಿತು. (ಹೀಗೆ ಹೇಳಿದ ಮಾತಿಗೆ ನಿಂತು ಮುಚ್ಚಿದ ಪತ್ರಿಕೆಗಳು ಎಷ್ಟಿದ್ದಾವು!) ಅದರ ‘ಕ್ಯಾಸ್ಟನೆಟ್ಸ್’ ಎಂಬ ಅಂಕಣ ಜನ ಅಂಚೆಯಲ್ಲಿ ಕಳಿಸಿದ ಮನೆ ಕ್ಯಾಸೆಟ್‌ಗಳನ್ನು ವಿಮರ್ಶಿಸುತ್ತಿತ್ತು. ವಿಮರ್ಶೆಯ ಜೊತೆಗೆ ಕಳಿಸಿದವರ ವಿಳಾಸವೂ ಅಚ್ಚಾಗುತ್ತಿತ್ತು. ಹಾಗಾಗಿ ತಿಂಗಳೊಪ್ಪತ್ತಿನಲ್ಲಿ ಎಲ್ಲಿಂದಲೋ ಒಂದು ಕಾಗದ, ಅದರೊಂದಿಗೆ ಬರೆದವರದೂ ಒಂದು ಕ್ಯಾಸೆಟ್ಟು ಮನೆ ಬಾಗಿಲಿಗೆ ಬರಬಹುದಿತ್ತು. 1986ರ ಬೇಸಿಗೆಯಲ್ಲಿ ನ್ಯೂಜೆರ್ಸಿಯ ಡಬ್ಲ್ಯುಎಫ್‌ಎಂಯು ರೇಡಿಯೊದಲ್ಲಿ ವಿಲಿಯಂ ಬರ್ಗರ್ ವಾರಕ್ಕೆ ಅರ್ಧ ಗಂಟೆ ಇಂಥ ಮನೆ ರೆಕಾರ್ಡಿಂಗುಗಳಿಗೇ ಮೀಸಲಿಟ್ಟರು.

ಆದರೆ ಕೊರತೆ ಕಿವಿಗೆ ಬಿದ್ದ ಕೂಡಲೇ ಎಲ್ಲವನ್ನೂ ತಿದ್ದಬೇಕೆಂದಿಲ್ಲ. ಹೆಸರಾಂತ ರಾಕ್ ಗಾಯಕ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಅಮೆಚೂರ್ ಅಲ್ಲ, ಆದರೂ ಅವರ ಕಥೆ ಇಲ್ಲಿಗೆ ಸಲ್ಲುತ್ತದೆ. 1982ರ ಜನವರಿಯಲ್ಲಿ ನ್ಯೂಜೆರ್ಸಿಯ ಬಾಡಿಗೆ ಮನೆಯ ಮಲಗುವ ಕೋಣೆಯಲ್ಲಿ, ಅದೇ ಪೋರ್ಟಾಸ್ಟುಡಿಯೊ 144 ಮತ್ತು ಎರಡು ಶೂರ್ ಎಸ್‌ಎಂ57 ಮೈಕುಗಳಿಂದ, ಬ್ಯಾಂಡಿಗೆ ಕಲಿಸಲೆಂದು ಹಾಡುಗಳ ಡೆಮೊ ಮಾಡಿದರು. ಟಿಪ್ಪಣಿ ಬರೆದು ಮ್ಯಾನೇಜರ್ ಜಾನ್ ಲ್ಯಾಂಡೌಗೆ ಕಳಿಸಿದರು. ಆಮೇಲೆ ಪೂರ್ತಿ ಬ್ಯಾಂಡಿನೊಂದಿಗೆ ಸ್ಟುಡಿಯೊದಲ್ಲಿ ಎಷ್ಟು ನುಡಿಸಿದರೂ ಕ್ಯಾಸೆಟ್ಟಿನ ಗುಂಗು ಬರಲಿಲ್ಲ. ಜೇಬಿನಲ್ಲಿ ಕವಚವೂ ಇಲ್ಲದೆ ಅಲೆದಾಡಿದ್ದ ಆ ಕ್ಯಾಸೆಟ್ಟನ್ನೇ ಕಷ್ಟಪಟ್ಟು ಮಾಸ್ಟರ್ ಮಾಡಿ ‘ನೆಬ್ರಾಸ್ಕಾ’ ಎಂದು ಹೊರತಂದರು. ಕುತೂಹಲದ ಸಂಗತಿಯೆಂದರೆ ‘ಬಾರ್ನ್ ಇನ್ ದಿ ಯುಎಸ್ಎ’ ಎಂಬ ಅವರ ಪ್ರಸಿದ್ಧ ಹಾಡು ಕೂಡ ಅದೇ ಡೆಮೊಗಳ ಗುಂಪಿನಲ್ಲಿತ್ತು. ಅದಕ್ಕೆ ಮಾತ್ರ ಬ್ಯಾಂಡಿನ ಅಬ್ಬರ ಬೇಕಿತ್ತು, ಕೊಟ್ಟರು.

ಇಂದು ಬೆಂಗಳೂರಿನ ಪಿಜಿ ಕೋಣೆಯಲ್ಲಿ ಪಕ್ಕದ ಮನೆಯ ಕುಕ್ಕರ್ ವಿಶಲ್ಲಿನ ನಡುವೆ ಹಾಡು ಹಿಡಿಯುವವರಿಗೂ ಕೇಳುವ ಕಿವಿಯ ಬರ ತಪ್ಪಿಲ್ಲ. ‘ಹೇಗಿದೆ?’ ಎಂದರೆ ‘ಸೂಪರ್’ ಎಂಬ ಉತ್ತರವೇ ಬರುತ್ತದೆ, ಗೆಳೆಯರಿಗೆ ಬೇರೆ ದಾರಿಯಿಲ್ಲ. ಎರಡನೇ ಚರಣದ ಮಾತು ತಿಳಿಯಿತೇ, ಬೇಸ್ ಮತ್ತು ಕಿಕ್ ಡ್ರಮ್ ಒಂದರ ಮೇಲೊಂದು ಬೀಳುತ್ತಿವೆಯೇ, ಎಲ್ಲಿ ಫೋನಿನತ್ತ ಗಮನ ಹೋಯಿತು ಎಂದು ಕೇಳಿದರೆ ಏನಾದರೂ ಸಿಕ್ಕೀತು. ಅದೂ ಮಿಕ್ಸ್ ಗಟ್ಟಿಯಾಗುವ ಮೊದಲೇ ಕೇಳಬೇಕು. ಆಲ್ಬಮ್ ಬಿಡುಗಡೆಯಾದ ಮೇಲೆ ಕೇಳುವುದು ಅಭಿಪ್ರಾಯವಲ್ಲ, ಶಹಬ್ಬಾಸ್‌ಗಿರಿ. ಸಂಬಂಧವಿಲ್ಲದ ಮೂವರು ಒಂದೇ ಜಾಗಕ್ಕೆ ಬೆರಳಿಟ್ಟರೆ ಅಲ್ಲಿ ಏನೋ ಇದೆಯೆಂದೇ ಅರ್ಥ. ಅವರು ಹೇಳುವ ಪರಿಹಾರ ಮಾತ್ರ ಮೂರೂ ಬೇರೆಯಾಗಿರುತ್ತದೆ, ಮೂರನ್ನೂ ಬಿಡಬಹುದು.

ತಿದ್ದಬೇಕಾದ ತಪ್ಪು ಯಾವುದು, ಬಿಡಬೇಕಾದ್ದು ಯಾವುದು ಎಂಬುದಕ್ಕೆ ಸೂತ್ರವಿಲ್ಲ. ‘ಬೀ ಥೌಸಂಡ್’ನ ಮೊದಲ ಹಾಡಿನ ನಡುವೆ ಗಿಟಾರು ಇದ್ದಕ್ಕಿದ್ದಂತೆ ಮಾಯವಾಗಿ ಮತ್ತೆ ಬರುತ್ತದೆ. ಯಾವ ಎಂಜಿನಿಯರನಾದರೂ ಮತ್ತೆ ನುಡಿಸಿ ಎನ್ನುತ್ತಿದ್ದ, ಇವರು ಹಾಗೇ ಬಿಟ್ಟರು. 1999ರಲ್ಲಿ ಅದೇ ಪೊಲಾರ್ಡ್ ಖ್ಯಾತ ನಿರ್ಮಾಪಕ ರಿಕ್ ಒಕಾಸೆಕ್ ಕೈಗೆ ಹಾಡುಗಳನ್ನೊಪ್ಪಿಸಿ ‘ಡು ದ ಕೊಲ್ಯಾಪ್ಸ್’ ಮಾಡಿದಾಗ ಎಲ್ಲವೂ ಹೊಳಪು, ಒಂದು ತಂತಿಯೂ ತಪ್ಪಿಲ್ಲ. ಅಭಿಮಾನಿಗಳು ಎರಡು ಪಕ್ಷವಾದರು, ನಾನು ಗ್ಯಾರೇಜಿನ ಪಕ್ಷ.