ಹತ್ತು ಗಿಡ, ಎಂಟು ತಿಂಗಳು, ಒಂದು ಎಕರೆ

ನಿಂತ ನೀರಿಗೆ ಹತ್ತು ಅಂತರಗಂಗೆ ಗಿಡ ಬಿಟ್ಟು ಎಂಟು ತಿಂಗಳು ಸುಮ್ಮನಿದ್ದರೆ ಅವು 6,55,360 ಆಗಬಲ್ಲವು. ಅಷ್ಟಾದರೆ ಒಂದು ಎಕರೆ ನೀರು ಪೂರ್ತಿ ಮುಚ್ಚಿಹೋಗುತ್ತದೆ. ಅಮೆರಿಕದ ಲೂಸಿಯಾನಾದಲ್ಲಿ ಈ ಗಿಡದ ಬೆನ್ನುಹತ್ತಿದ್ದ ಪೆನ್‌ಫೌಂಡ್ ಮತ್ತು ಅರ್ಲ್ 1948ರಲ್ಲಿ ಪ್ರಕಟಿಸಿದ ಲೆಕ್ಕವಿದು. ಬೀಜ ಮೊಳೆಯಲೆಂದು ಗಿಡ ಕಾಯುವುದೂ ಇಲ್ಲ. ಬುಡದಿಂದ ಎಳೆಯೊಂದು ನೀರಿನ ಮೇಲೆ ಪಕ್ಕಕ್ಕೆ ಚಾಚುತ್ತದೆ, ಅದರ ತುದಿಯಲ್ಲಿ ಮರಿಗಿಡ ಎಲೆ ಬಿಡುತ್ತದೆ, ಸ್ಪಂಜಿನಂಥ ತೊಟ್ಟು ಉಬ್ಬಿಸಿಕೊಂಡು ತೇಲತೊಡಗುತ್ತದೆ. ಎರಡು ವಾರಕ್ಕೊಮ್ಮೆ ಸಂಖ್ಯೆ ಇಮ್ಮಡಿ. ಹದಿನಾರು ಇಮ್ಮಡಿಗೆ ಎಕರೆ ಭರ್ತಿ.

ನನ್ನನ್ನು ಬೆಚ್ಚಿಬೀಳಿಸುವುದು ಕೊನೆಯ ಸಂಖ್ಯೆಯಲ್ಲ, ನಡುವಿನದು. ನಾಲ್ಕು ತಿಂಗಳು ಕಳೆದಾಗ, ಅಂದರೆ ಅರ್ಧ ಕಾಲ ಮುಗಿದಾಗ, ಗಿಡಗಳು ಬರೀ 2,560. ಅವು ಹಿಡಿದ ಜಾಗ ಹತ್ತಡಿ ಅಗಲ, ಹದಿನೇಳಡಿ ಉದ್ದದ ಒಂದು ಕೋಣೆಯಷ್ಟು. ಯಾರಿಗೆ ತಾನೆ ಅದು ಅಪಾಯ ಅನ್ನಿಸೀತು?

ಉಪಗ್ರಹಕ್ಕಂತೂ ಅನ್ನಿಸುವುದೇ ಇಲ್ಲ. ಯುರೋಪಿನ ಸೆಂಟಿನೆಲ್-2 ಉಪಗ್ರಹಗಳು 786 ಕಿಲೋಮೀಟರ್ ಎತ್ತರದಿಂದ ಉಚಿತವಾಗಿ ಕೊಡುವ ಚಿತ್ರದಲ್ಲಿ ಒಂದು ಪಿಕ್ಸೆಲ್ ಎಂದರೆ ನೆಲದ ಮೇಲೆ 10 ಮೀಟರ್ ಉದ್ದ, 10 ಮೀಟರ್ ಅಗಲ. ಆ ಕೋಣೆಯಷ್ಟು ಹಸಿರು ಅದರ ಆರನೇ ಒಂದು ಪಾಲನ್ನೂ ತುಂಬದು. ಪಿಕ್ಸೆಲ್ ಪೂರ್ತಿ ತುಂಬಲು 16 ಸಾವಿರದಷ್ಟು ಗಿಡ ಬೇಕು. ಅಷ್ಟೊತ್ತಿಗೆ ಐದು ತಿಂಗಳು ದಾಟಿರುತ್ತದೆ. ಮಳೆಗಾಲದ ಮೋಡ ಬೇರೆ.

ಈಗ ನೂರು ಮೀಟರ್ ಎತ್ತರಕ್ಕೆ ಇಳಿಯೋಣ. ಹೀಲಿಯಂ ತುಂಬಿದ ಬಲೂನು ಅಥವಾ ದೊಡ್ಡ ಗಾಳಿಪಟ, ಗಟ್ಟಿ ದಾರ, ಕತ್ತರಿಸಿದ ಪ್ಲಾಸ್ಟಿಕ್ ಬಾಟಲಿಯೊಳಗೆ ತೂಗುಬಿಟ್ಟ ಸಾಧಾರಣ ಕ್ಯಾಮೆರಾ. ಬಟನ್ ಸದಾ ಅದುಮಿರಲೆಂದು ಅದಕ್ಕೊಂದು ರಬ್ಬರ್ ಬ್ಯಾಂಡ್. ಮೇಲೇರಿದಷ್ಟು ಹೊತ್ತೂ ಅದು ಚಿತ್ರ ತೆಗೆಯುತ್ತಲೇ ಇರುತ್ತದೆ. 12 ಮೆಗಾಪಿಕ್ಸೆಲ್‌ನ ಅಗಲ ನೋಟದ ಕ್ಯಾಮೆರಾ ಆ ಎತ್ತರದಿಂದ ಒಂದೇ ಚಿತ್ರದಲ್ಲಿ ಸುಮಾರು ಮೂರು ಎಕರೆ ಹಿಡಿಯುತ್ತದೆ, ಪಿಕ್ಸೆಲ್ ಒಂದಕ್ಕೆ ಮೂರು ಸೆಂಟಿಮೀಟರ್ ಚಿಲ್ಲರೆ. ಉಪಗ್ರಹದ ಒಂದು ಪಿಕ್ಸೆಲ್ ಇದ್ದ ಕಡೆ ಇಲ್ಲಿ ಒಂದು ಲಕ್ಷದ ಹತ್ತಿರ ಪಿಕ್ಸೆಲ್! ಆ ಕೋಣೆಯಷ್ಟು ಹಸಿರೇ ಹದಿನೈದು ಸಾವಿರ ಪಿಕ್ಸೆಲ್ ತುಂಬುತ್ತದೆ. ಆಮೇಲೆ ದಂಡೆಯ ಮರ, ಬಂಡೆ, ಮೆಟ್ಟಿಲುಗಳನ್ನು ಗುರುತು ಹಿಡಿದು ಚಿತ್ರಗಳನ್ನು ಒಂದರ ಪಕ್ಕ ಒಂದು ಹೊಂದಿಸಿದರೆ ನಕ್ಷೆ ಸಿದ್ಧ.

ಈ ವಿಧಾನ ಹೆಸರು ಮಾಡಿದ್ದೂ ಅದೇ ಲೂಸಿಯಾನಾದ ಕರಾವಳಿಯಲ್ಲಿ. 2010ರಲ್ಲಿ ಮೆಕ್ಸಿಕೋ ಕೊಲ್ಲಿಯಲ್ಲಿ ತೈಲ ಸೋರಿದಾಗ ಊರವರು, ಕಾರ್ಯಕರ್ತರು ಬಲೂನು, ಗಾಳಿಪಟ ಹಾರಿಸಿ ಒಂದು ಲಕ್ಷಕ್ಕೂ ಹೆಚ್ಚು ಚಿತ್ರ ತೆಗೆದರು. ಪಬ್ಲಿಕ್ ಲ್ಯಾಬ್ ಎಂಬ ಸಮುದಾಯ ಹುಟ್ಟಿದ್ದು ಹಾಗೆ. ಎಣ್ಣೆಯ ಗೆರೆ ಹುಡುಕಿದ ಕ್ಯಾಮೆರಾ ನೀರಕಳೆಯ ಅಂಚನ್ನೂ ಅಷ್ಟೇ ಸಲೀಸಾಗಿ ಗುರುತಿಸುತ್ತದೆ.

ನಮ್ಮ ಬೆಳ್ಳಂದೂರು ಕೆರೆಗೆ ಇದೇ ಲೆಕ್ಕ ಹಾಕಿ ನೋಡಿ. ಸುಮಾರು 900 ಎಕರೆ. ಒಂದು ಎಕರೆ ಕಳೆ ಅಷ್ಟನ್ನೂ ನುಂಗಲು ಹತ್ತು ಇಮ್ಮಡಿಯೂ ಬೇಡ, ಐದು ತಿಂಗಳು ಸಾಕು. ಕೊಳಚೆ ನೀರಿನ ಸಾರಜನಕ, ರಂಜಕ ಅದಕ್ಕೆ ಪುಷ್ಕಳ ಊಟ. ಒಂದು ಎಕರೆ ಹಸಿಕಳೆ ನೂರು ಟನ್ನಿಗೂ ಹೆಚ್ಚು ತೂಗಬಲ್ಲದು ಎನ್ನುವುದನ್ನು ನೆನೆದರೆ, ತಡವಾದ ಒಂದೊಂದು ಹದಿನೈದು ದಿನದ ಬೆಲೆಯೂ ಗೊತ್ತಾಗುತ್ತದೆ. ಬೆಂಗಳೂರಿಗೆ 1980ರ ದಶಕದಲ್ಲಿ ಫ್ಲಾರಿಡಾದಿಂದ ನಿಯೋಕೆಟಿನಾ ಎಂಬ ಮೂತಿಹುಳು ತರಿಸಿ ಕೆರೆಗಳಿಗೆ ಬಿಟ್ಟಿದ್ದರು. ಅರ್ಧ ಸೆಂಟಿಮೀಟರಿನ ಆ ಹುಳು ಕೆಲವೆಡೆ ಕಳೆಯನ್ನು ಚೆನ್ನಾಗಿಯೇ ಮಣಿಸಿತು. ಆದರೆ ಹುಳಕ್ಕೆ ವರ್ಷಗಳು ಬೇಕು, ಕಳೆಗೆ ವಾರಗಳು ಸಾಕು.

ಯಂತ್ರ ಬಂದು ಕೆರೆ ಬಳಿದು ಹೋದ ಮೇಲೂ ಬೀಜ ಹೂಳಿನೊಳಗೆ ಇಪ್ಪತ್ತು ವರ್ಷದವರೆಗೆ ಜೀವ ಹಿಡಿದಿರಬಲ್ಲದು. ಹಾಗಾಗಿ ದಾರ ಹಿಡಿದವರ ಕೆಲಸ ಶುರುವಾಗಬೇಕಾದ್ದು ಕೆರೆ ಖಾಲಿ ಕಂಡ ದಿನದಿಂದ, ಎರಡು ವಾರಕ್ಕೊಮ್ಮೆ, ಮೊದಲು ಕೊಳಚೆ ಬಂದು ಸೇರುವ ಮೂಲೆಗಳಿಂದ.