ಒಳಪೊರೆಯ ಅಡಿಯಲ್ಲಿ ಅವಿತ ಗಡ್ಡೆ

ಚಿಂತಾಮಣಿಯ ಟೊಮೆಟೊ ಮಂಡಿಗೆ ನಸುಕಿನಲ್ಲೇ ಹೊರಟವರು, ಶಿಡ್ಲಘಟ್ಟದ ನೂಲು ಬಿಚ್ಚಾಣಿಕೆ ಘಟಕಗಳಲ್ಲಿ ಹೊತ್ತುಗೊತ್ತಿಲ್ಲದೆ ಉಣ್ಣುವವರು ಹೊಟ್ಟೆ ಉರಿದರೆ ಮೊದಲು ಹೋಗುವುದು ಮೆಡಿಕಲ್ ಸ್ಟೋರಿಗೆ. ‘ಗ್ಯಾಸ್ಟ್ರಿಕ್‌ಗೊಂದು ಮಾತ್ರೆ ಕೊಡಿ’ ಎಂದರೆ ಮುಗಿಯಿತು. ಬಹುಪಾಲು ಮಂದಿಗೆ ಅದು ಗ್ಯಾಸ್ಟ್ರಿಕ್ಕೇ, ನಿಜ. ಆದರೆ ಮಲ ಡಾಂಬರಿನಂತೆ ಕಪ್ಪಾಗಿ, ನಾಲ್ಕು ಹೆಜ್ಜೆಗೇ ಏದುಸಿರು ಬಂದು, ‘ರಕ್ತ ಕಡಿಮೆ’ ಎಂದು ಟಾನಿಕ್ ಕುಡಿಯುತ್ತಲೇ ತಿಂಗಳುಗಳು ಉರುಳಿದರೆ ಎಂಡೋಸ್ಕೋಪಿ ಮಾಡಿಸಲೇಬೇಕು.

ಹಾಗೆ ಮಾಡಿಸಿದಾಗ ಅಪರೂಪಕ್ಕೆ ಸಿಗುವುದು ‘ಜಿಸ್ಟ್’ ಎಂಬ ಗಡ್ಡೆ. ಸಾಮಾನ್ಯ ಜಠರ ಕ್ಯಾನ್ಸರ್ ಹುಟ್ಟುವುದು ಒಳಪೊರೆಯಲ್ಲಿ. ಇದು ಅದರ ಕೆಳಗಿನ ಸ್ನಾಯುಪದರದಲ್ಲಿ, ಕರುಳಿನ ಚಲನೆಗೆ ತಾಳ ಹಾಕುವ ಕಜಾಲ್ ಕೋಶಗಳ ಬಳಗದಿಂದ. ಜಗತ್ತಿನಲ್ಲಿ ವರ್ಷಕ್ಕೆ ಹತ್ತು ಲಕ್ಷ ಜನರಲ್ಲಿ ಹತ್ತರಿಂದ ಹದಿನೈದು ಮಂದಿಗೆ ಬರುತ್ತದೆಂಬ ಅಂದಾಜಿದೆ. 2011ರ ಜನಗಣತಿಯಲ್ಲಿ 12.5 ಲಕ್ಷ ಜನರಿದ್ದ ಚಿಕ್ಕಬಳ್ಳಾಪುರ ಜಿಲ್ಲೆಗೆ ಇದೇ ಲೆಕ್ಕ ಹಿಡಿದರೆ ವರ್ಷಕ್ಕೆ ಹದಿನೈದರ ಆಸುಪಾಸು. ಗೌರಿಬಿದನೂರಿನ ವೈದ್ಯರೊಬ್ಬರು ವರ್ಷಗಟ್ಟಲೆ ಒಂದನ್ನೂ ನೋಡದಿರಬಹುದು.

ನೋಡಿದರೂ ಅದು ಯಾಮಾರಿಸುತ್ತದೆ. ಕ್ಯಾಮೆರಾದಲ್ಲಿ ಕಾಣುವುದು ನುಣುಪಾದ ಉಬ್ಬು, ಕೆಲವೊಮ್ಮೆ ನಡುವೆ ಒಂದು ಸಣ್ಣ ಹುಣ್ಣು. ಇಕ್ಕಳದಿಂದ ಚಿವುಟಿದ ಚೂರಿನಲ್ಲಿ ಮೇಲಿನ ಪೊರೆಯಷ್ಟೇ ಬಂದು, ವರದಿ ‘ಕ್ಯಾನ್ಸರ್ ಇಲ್ಲ’ ಎನ್ನುತ್ತದೆ. ಮನೆಯವರು ನಿಟ್ಟುಸಿರು ಬಿಡುತ್ತಾರೆ. ನನ್ನ ಪ್ರಕಾರ ಈ ಕಾಯಿಲೆಯಲ್ಲಿ ಎಲ್ಲಕ್ಕಿಂತ ಅಪಾಯದ ಕಾಗದ ಅದೇ. ಸಿ.ಟಿ. ಸ್ಕ್ಯಾನ್, ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್ ಮಾಡಿ, ಆಳಕ್ಕೆ ಸೂಜಿ ಇಳಿಸಿದಾಗಲೇ ಸತ್ಯ ಕೈಗೆ ಸಿಗುವುದು. ಆ ಕೋಶಗಳಿಗೆ ಸಿಡಿ117 ಎಂಬ ಪ್ರೋಟೀನಿನ ಪರೀಕ್ಷೆ ಮಾಡಿದರೆ ಸಾಮಾನ್ಯವಾಗಿ ಗಾಜಿನ ಮೇಲೆ ಕಂದು ಬಣ್ಣ ಏರುತ್ತದೆ. ಈ ಗಡ್ಡೆಯ ಬೇರು ಹೆಚ್ಚಾಗಿ ‘ಕಿಟ್’ ಜೀನಿನ ದೋಷದಲ್ಲಿದೆ ಎಂದು ಜಪಾನಿನ ಹಿರೋಟಾ ಮತ್ತು ಸಂಗಡಿಗರು ತೋರಿಸಿದ್ದು 1998ರಲ್ಲಿ. ಅದಕ್ಕೂ ಮೊದಲು ಇವುಗಳಲ್ಲಿ ಎಷ್ಟೋ ಗಡ್ಡೆಗಳು ಸ್ನಾಯುಗಡ್ಡೆಯ ಲೆಕ್ಕಕ್ಕೇ ಹೋಗಿವೆ.

ಶಸ್ತ್ರಚಿಕಿತ್ಸೆ ಕೇಳುವುದು ಬಲವನ್ನಲ್ಲ, ನಾಜೂಕನ್ನು. ಜಿಸ್ಟ್ ದುಗ್ಧಗ್ರಂಥಿಗಳಿಗೆ ಹರಡುವುದು ವಿರಳ. ಹಾಗಾಗಿ ಸಾಮಾನ್ಯ ಜಠರ ಕ್ಯಾನ್ಸರಿನಂತೆ ಗ್ರಂಥಿಗಳನ್ನೆಲ್ಲ ಬಗೆದು ತೆಗೆಯಬೇಕಿಲ್ಲ. ಹೆಚ್ಚಿನವರಲ್ಲಿ ಗಡ್ಡೆಯ ಜೊತೆಗೆ ಜಠರದ ಗೋಡೆಯ ಒಂದು ತುಂಡು ಕತ್ತರಿಸಿದರೆ ಸಾಕು. ಲ್ಯಾಪರೊಸ್ಕೋಪಿಯಾದರೆ ಅದನ್ನು ಚೀಲಕ್ಕೆ ತುಂಬಿಯೇ ಹೊರಗೆಳೆಯುತ್ತಾರೆ. ಇಕ್ಕಳದಿಂದ ಗಡ್ಡೆಯನ್ನೇ ಹಿಡಿದೆಳೆಯುವಂತಿಲ್ಲ: ಹೊರಗಿನ ತೆಳು ಕವಚ ಒಡೆದರೆ ಕೋಶಗಳು ಹೊಟ್ಟೆಯೊಳಗೆಲ್ಲ ಚೆಲ್ಲಿ, ಅಲ್ಲಿಯವರೆಗಿನ ಕೆಲಸವೆಲ್ಲ ನೀರುಪಾಲು.

ಆಮೇಲಿನ ಮಾತು ಗಡ್ಡೆಯ ಗಾತ್ರ, ಅದರ ಜಾಗ, ಕೋಶಗಳು ವಿಭಜನೆಯಾಗುವ ವೇಗದ ಮೇಲೆ. ಮರಳುವ ಅಪಾಯ ಹೆಚ್ಚಿದ್ದವರಿಗೆ ದಿನಕ್ಕೆ 400 ಮಿಲಿಗ್ರಾಂ ಇಮಾಟಿನಿಬ್ ಮಾತ್ರೆ. ಒಂದು ವರ್ಷ ಸಾಲದು, ಮೂರು ವರ್ಷ ಬೇಕೆಂದು 2012ರಲ್ಲಿ ಪ್ರಕಟವಾದ ಯುರೋಪಿನ ಅಧ್ಯಯನ ತೋರಿಸಿತು: ಐದು ವರ್ಷದ ಹೊತ್ತಿಗೆ ಬದುಕಿದ್ದವರು ಮೂರು ವರ್ಷ ನುಂಗಿದವರಲ್ಲಿ ಶೇ 92, ಒಂದೇ ವರ್ಷ ನುಂಗಿದವರಲ್ಲಿ ಶೇ 82. ಮರುವರ್ಷ, 2013ರ ಏಪ್ರಿಲ್ 1ರಂದು, ಸುಪ್ರೀಂ ಕೋರ್ಟ್ ನೊವಾರ್ಟಿಸ್ ಕಂಪನಿಗೆ ಈ ಔಷಧದ ಪೇಟೆಂಟ್ ನಿರಾಕರಿಸಿತು. ತಿಂಗಳಿಗೆ ಲಕ್ಷ ದಾಟುತ್ತಿದ್ದ ಮಾತ್ರೆಗೆ ಬದಲಿಯಾಗಿ, ಆಗ ಹತ್ತು ಸಾವಿರದ ಆಸುಪಾಸಿನಲ್ಲಿದ್ದ ದೇಶಿ ಮಾತ್ರೆಗಳು ಉಳಿದುಕೊಂಡವು. ನೂಲು ಬಿಚ್ಚುವ ರೀಲರ್‌ಗೋ ಟೊಮೆಟೊ ಬೆಳೆಗಾರನಿಗೋ ಅದೂ ಸಣ್ಣ ಮೊತ್ತವಾಗಿರಲಿಲ್ಲ. ಬೆಂಗಳೂರಿನ ಕಿದ್ವಾಯಿಯಂಥ ಸರ್ಕಾರಿ ಕ್ಯಾನ್ಸರ್ ಸಂಸ್ಥೆಯ ಮೊರೆ ಹೋಗುತ್ತಿದ್ದುದು ಅದಕ್ಕೇ. ಹೊಲಿಗೆ ಒಣಗಿ ಊಟ ರುಚಿಸತೊಡಗಿದ ಮೇಲೂ ಮಾತ್ರೆ ತಪ್ಪಿಸುವಂತಿಲ್ಲ. ಕಣ್ಣಿನ ಸುತ್ತ ಬಾವು, ವಾಕರಿಕೆ ಕಂಡರೆ ತಾವಾಗಿಯೇ ನಿಲ್ಲಿಸದೆ ವೈದ್ಯರಿಗೆ ಹೇಳಬೇಕು, ಕರೆದಾಗಲೆಲ್ಲ ಸಿ.ಟಿ. ಸ್ಕ್ಯಾನಿಗೆ ಹೋಗಬೇಕು.